ಸ್ಯಾಟಲೈಟ್ ತೇವಾಂಶ ಮ್ಯಾಪ್: ದುಡ್ಡು ಕಟ್ಟುವ ಮುಂಚೆ ಡಿಶ್ ಎಷ್ಟು ದೊಡ್ಡದು ಅಂತ ಕೇಳಿ

ನಾಸಾದ ಸ್ಮ್ಯಾಪ್ ಉಪಗ್ರಹ ಕೊಡುವ ಮಣ್ಣಿನ ತೇವಾಂಶದ ಮಾಹಿತಿ ಬಗ್ಗೆ ಈ ರಿವ್ಯೂ. ಪೂರ್ತಿ ಉಚಿತ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆ ಬಯಲು ಜಮೀನು ಇರುವವರಿಗೆ ನನ್ನ ರೇಟಿಂಗ್ ಐದಕ್ಕೆ ನಾಲ್ಕು. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟದವರಿಗೆ ಐದಕ್ಕೆ ಒಂದು. ಸರ್ವಿಸ್ ಒಂದೇ, ಜಿಲ್ಲೆಗಳೂ ಅವೇ ಎರಡು, ಆದರೂ ಇಷ್ಟೊಂದು ವ್ಯತ್ಯಾಸ. ಇದಕ್ಕೆಲ್ಲ ಕಾರಣ ಅದರ ಆಂಟೆನಾ, ಅಂದರೆ ಡಿಶ್. ಅದು ಹೇಗಿದೆ ಅಂತ ಗೊತ್ತಿಲ್ಲದೆ ಮ್ಯಾಪ್ ನೋಡಿದರೆ ಸುಮ್ನೆ ಬಣ್ಣ ನೋಡಿದ ಹಾಗೆ ಅಷ್ಟೆ. ಅದಕ್ಕೇ ಇಲ್ಲಿ ಆಂಟೆನಾ ಬಗ್ಗೆನೇ ಜಾಸ್ತಿ ಬರೆಯುತ್ತೇನೆ.

ಈಗ ಬರೆಯೋಕೆ ಒಂದು ಕಾರಣ ಇದೆ. ನಮ್ಮ ಕಡೆ ಗೊಬ್ಬರದ ಅಂಗಡಿ, ಸೊಸೈಟಿ ಮುಂದೆ ಒಂದು ಖಾಸಗಿ ಆ್ಯಪ್‌ನವರು ಪಾಂಪ್ಲೆಟ್ ಹಂಚುತ್ತಿದ್ದಾರೆ. ಸ್ಯಾಟಲೈಟ್‌ನಿಂದ ನಿಮ್ಮ ಹೊಲದ ತೇವಾಂಶ ದಿನಾ ಬೆಳಗ್ಗೆ ಮೊಬೈಲಿಗೆ ಬರುತ್ತದೆ, ವರ್ಷಕ್ಕೆ ಇಷ್ಟು ಕಟ್ಟಿ ಅಂತ. ಕಂಪನಿ ಹೆಸರು ಇಲ್ಲಿ ಬೇಡ. ಸಕಲೇಶಪುರದ ಹಾನುಬಾಳು ಹತ್ತಿರ ತೋಟ ಇರುವ ನಮ್ಮ ಭಾವ ದುಡ್ಡು ಕಟ್ಟಿದ್ದರು. ತೋಟಕ್ಕೂ, ಕೆಳಗಿನ ಗದ್ದೆಗೂ, ರಸ್ತೆಯಾಚೆ ಪಕ್ಕದವರ ಎಸ್ಟೇಟಿಗೂ ಆ್ಯಪ್ ಒಂದೇ ಅಂಕಿ ತೋರಿಸುತ್ತಿತ್ತು. ಗದ್ದೆಯಲ್ಲಿ ಕಾಲು ಹೂತುಹೋಗುವಷ್ಟು ಕೆಸರು, ಮೇಲೆ ದಿಬ್ಬದ ರೊಬಸ್ಟಾ ಬುಡದಲ್ಲಿ ತರಗೆಲೆ ಒಣಗಿ ಸದ್ದು ಮಾಡುತ್ತಿದೆ, ಎರಡಕ್ಕೂ ಒಂದೇ ಅಂಕಿ ಅಂದರೆ ಹೇಗೆ? ನಾನು ಹಾಸನದಲ್ಲಿ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ, ಜಾವಗಲ್ ಹತ್ತಿರ ನಮ್ಮದೇ ತೆಂಗು, ರಾಗಿ ಇದೆ. ಹಾಗಾಗಿ ಭಾವ ನೇರವಾಗಿ ಕೇಳಿದರು, "ಇದು ನಿಜವಾಗ್ಲೂ ಮೇಲಿಂದ ಕಾಣುತ್ತಾ, ಇಲ್ಲ ಸುಮ್ನೆ ಹೇಳ್ತಾರಾ?" ಕಾಣುತ್ತದೆ ಭಾವ. ಆದರೆ ಎಷ್ಟು ಸಣ್ಣ ಜಾಗ ಬೇರೆಯಾಗಿ ಕಾಣುತ್ತದೆ ಅನ್ನುವುದೇ ಮುಖ್ಯ.

ನೆಲ ಯಾವಾಗಲೂ ತಾನಾಗೇ ತುಂಬ ಕಡಿಮೆ ಪ್ರಮಾಣದಲ್ಲಿ ಮೈಕ್ರೋವೇವ್ (ಕಣ್ಣಿಗೆ ಕಾಣದ ಒಂದು ಥರದ ರೇಡಿಯೋ ಅಲೆ) ಸೂಸುತ್ತಿರುತ್ತದೆ. ಒಣ ಮಣ್ಣು ಜಾಸ್ತಿ ಸೂಸುತ್ತದೆ, ಒದ್ದೆ ಮಣ್ಣು ಕಡಿಮೆ. ವಿದ್ಯುತ್ ಕ್ಷೇತ್ರಕ್ಕೆ ಒಂದು ವಸ್ತು ಎಷ್ಟು ಸ್ಪಂದಿಸುತ್ತದೆ ಅಂತ ಹೇಳುವ ಡೈಎಲೆಕ್ಟ್ರಿಕ್ ಗುಣಾಂಕ ನೀರಿಗೆ ಸುಮಾರು 80, ಒಣ ಮಣ್ಣಿಗೆ 3ರಿಂದ 5. ಇಷ್ಟು ದೊಡ್ಡ ಅಂತರ ಇರುವುದರಿಂದ ಮಣ್ಣಿಗೆ ಸ್ವಲ್ಪ ನೀರು ಸೇರಿದರೂ ಮೇಲೆ ಗೊತ್ತಾಗುತ್ತದೆ. ಸ್ಮ್ಯಾಪ್ ಕೇಳಿಸಿಕೊಳ್ಳುವುದು 1.41 ಗಿಗಾಹರ್ಟ್ಸ್‌ನಲ್ಲಿ, ಅಂದರೆ ಸುಮಾರು 21 ಸೆಂ.ಮೀ. ಉದ್ದದ ಅಲೆ. ಈ ಅಲೆಗೆ ಮೋಡ ಅಡ್ಡ ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೇಲೆ ಮೋಡ ಕವಿದಿರುತ್ತದೆ, ಫೋಟೋ ತೆಗೆಯುವ ಉಪಗ್ರಹಗಳಿಗೆ ಏನೂ ಕಾಣುವುದಿಲ್ಲ. ಇದಕ್ಕೆ ಆ ಕಷ್ಟ ಇಲ್ಲ. ರಾಗಿ ಪೈರಿನಂಥ ತೆಳು ಹಸಿರನ್ನೂ ದಾಟಿ ಮಣ್ಣಿನ ಮೇಲಿನ 5 ಸೆಂ.ಮೀ.ವರೆಗಿನ ಸುದ್ದಿ ತರುತ್ತದೆ. 1400ರಿಂದ 1427 ಮೆಗಾಹರ್ಟ್ಸ್‌ವರೆಗಿನ ಈ ಬ್ಯಾಂಡಿನಲ್ಲಿ ಯಾರೂ ಪ್ರಸಾರ ಮಾಡಬಾರದು ಅಂತ ಅಂತಾರಾಷ್ಟ್ರೀಯ ನಿಯಮವೇ ಇದೆ. ನೆಲದಿಂದ ಬರುವ ಸದ್ದು ಅಷ್ಟು ಸಣ್ಣದು.

ಅಲೆ ಉದ್ದ ಆದಷ್ಟು ಒಳಗೆ ಹೋಗುತ್ತದೆ ಸರಿ, ಆದರೆ ಅದಕ್ಕೆ ತಕ್ಕ ಹಾಗೆ ಡಿಶ್ ಕೂಡ ದೊಡ್ಡದಾಗಬೇಕು. ಲೆಕ್ಕ ಹತ್ತನೇ ಕ್ಲಾಸಿನ ಹುಡುಗರಿಗೂ ಬರುತ್ತದೆ. ಅಲೆಯ ಉದ್ದವನ್ನು ಡಿಶ್‌ನ ಅಗಲದಿಂದ ಭಾಗಿಸಿ, ನೆಲಕ್ಕಿರುವ ದೂರದಿಂದ ಗುಣಿಸಿ. ಅಲೆ 21 ಸೆಂ.ಮೀ., ಡಿಶ್ 6 ಮೀಟರ್. ಉಪಗ್ರಹ ಇರುವುದು 685 ಕಿ.ಮೀ. ಎತ್ತರದಲ್ಲಿ, ಆದರೆ ಓರೆಯಾಗಿ ನೋಡುವುದರಿಂದ ದೂರ ಸುಮಾರು 850 ಕಿ.ಮೀ. ಆಗುತ್ತದೆ. ಉತ್ತರ 30 ಕಿ.ಮೀ. ಬರುತ್ತದೆ. ಡಿಶ್‌ನ ನಿಜವಾದ ನಡವಳಿಕೆ, ಓರೆ ನೋಟ ಎಲ್ಲ ಸೇರಿಸಿದರೆ ಹತ್ತಿರ ಹತ್ತಿರ 40. ಹಾಸನದಿಂದ ಅರಸೀಕೆರೆಗೆ ನೇರ ಗೆರೆ ಎಳೆದರೆ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟು. ಅಷ್ಟಗಲದ ಜಾಗಕ್ಕೆ ಒಂದೇ ಒಂದು ಅಂಕಿ. ಅದರೊಳಗೆ ಕೆರೆ, ಗುಡ್ಡ, ಊರು, ತೆಂಗಿನ ತೋಟ, ಹೈವೇ ಎಲ್ಲ ಕಲೆತು ಹೋಗಿರುತ್ತವೆ. ಇದೇ ರೀತಿ ಕೇಳಿಸಿಕೊಂಡೇ 1 ಕಿ.ಮೀ. ಚೌಕ ಬೇಕು ಅಂದರೆ ಸುಮಾರು 180 ಮೀಟರ್‌ಗಿಂತ ಅಗಲದ ಡಿಶ್ ಬೇಕು. ಅಂಥದ್ದನ್ನು ಯಾರೂ ಮೇಲೆ ಕಳಿಸಿಲ್ಲ. ಹೊಲ ಹೊಲದ ತೇವಾಂಶ ದಿನಾ ಕೊಡುತ್ತೇವೆ ಅನ್ನುವವರ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಈಗ ಆ 6 ಮೀಟರ್ ಡಿಶ್ ವಿಷಯಕ್ಕೆ ಬರುತ್ತೇನೆ. ನನಗೆ ತುಂಬ ಇಷ್ಟವಾದ ಭಾಗ ಇದು. ಹಾಸನದವರಿಗೆ ಡಿಶ್ ಅಂದ ತಕ್ಷಣ ನೆನಪಾಗುವುದು ಸಾಲಗಾಮೆ ರಸ್ತೆಯ ಎಂಸಿಎಫ್, ಅಂದರೆ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರ. ಅಲ್ಲಿನ ಡಿಶ್‌ಗಳು ಕಬ್ಬಿಣದ ಕಂಬಿ, ಕಾಂಕ್ರೀಟ್ ಬುಡ, ದೊಡ್ಡ ಮೋಟಾರ್ ಇಟ್ಟುಕೊಂಡು ಗಟ್ಟಿಯಾಗಿ ನಿಂತಿವೆ. ನೆಲದ ಮೇಲೆ ತೂಕ ಯಾರಿಗೂ ತೊಂದರೆ ಇಲ್ಲ. ರಾಕೆಟ್‌ನಲ್ಲಿ ಹೋಗುವ ಡಿಶ್‌ಗೆ ಅದೇ ತೂಕ ದೊಡ್ಡ ಶತ್ರು. ಇಡೀ ಸ್ಮ್ಯಾಪ್ ಉಪಗ್ರಹದ ತೂಕವೇ 944 ಕೆ.ಜಿ. ಅದರ ಆಂಟೆನಾ, ಅದನ್ನು ಹಿಡಿದಿರುವ ತೋಳು ಎರಡೂ ಸೇರಿ 60 ಕೆ.ಜಿ. ಒಳಗೆ. ಹಾರುವಾಗ ಅದು ಮಡಚಿಕೊಂಡು ಸುಮಾರು ಒಂದು ಅಡಿ ಅಗಲ, ನಾಲ್ಕು ಅಡಿ ಉದ್ದದ ಜಾಗದಲ್ಲಿ ಕೂತಿರಬೇಕು. ಮೇಲೆ ಹೋದ ಮೇಲೆ 6 ಮೀಟರ್ ಅಗಲಕ್ಕೆ ಬಿಚ್ಚಿಕೊಳ್ಳಬೇಕು. ಬಿಚ್ಚಿಕೊಂಡ ಮೇಲೆ ಅದರ ಆಕಾರ ಕೆಲವು ಮಿಲಿಮೀಟರ್‌ಗಿಂತ ಆಚೆ ಈಚೆ ಆಗಬಾರದು.

ಇದನ್ನು ಸಾಧಿಸಿರುವುದು ತಗಡಿನಿಂದಲ್ಲ, ಬಲೆಯಿಂದ. ಚಿನ್ನದ ಲೇಪ ಕೊಟ್ಟ ಮಾಲಿಬ್ಡಿನಮ್ ತಂತಿಯನ್ನು ಸೊಳ್ಳೆ ಪರದೆಯ ಹಾಗೆ ಸಣ್ಣ ಕಣ್ಣಿಟ್ಟು ಹೆಣೆದಿರುತ್ತಾರೆ. ಮಾಲಿಬ್ಡಿನಮ್ ಯಾಕೆ ಅಂದರೆ ಕೂದಲಿಗಿಂತ ತೆಳುವಾಗಿ ಎಳೆದರೂ ಸುಲಭವಾಗಿ ತುಂಡಾಗುವುದಿಲ್ಲ. ಚಿನ್ನ ಯಾಕೆ ಅಂದರೆ ವಿದ್ಯುತ್ ಚೆನ್ನಾಗಿ ಹರಿಯುತ್ತದೆ, ತುಕ್ಕು ಹಿಡಿಯುವುದಿಲ್ಲ, ಮತ್ತೆ ತಾನಾಗಿ ಮೈಕ್ರೋವೇವ್ ಸೂಸುವುದು ಬಹಳ ಕಡಿಮೆ. ಈ ಕೊನೆಯದು ಮುಖ್ಯ. ನೆಲದ ಸಣ್ಣ ಸದ್ದು ಕೇಳೋಕೆ ಹೋದಾಗ ಡಿಶ್ ತಾನೇ ಸದ್ದು ಮಾಡಿದರೆ ಕೆಲಸ ಕೆಟ್ಟಿತು. ಬಲೆಯ ತೂತುಗಳ ಮೂಲಕ ಅಲೆ ಸೋರಿ ಹೋಗುವುದಿಲ್ವಾ ಅಂತ ನಮ್ಮ ಹುಡುಗರು ಪ್ರತಿ ಬ್ಯಾಚಿನಲ್ಲೂ ಕೇಳುತ್ತಾರೆ. ಹೋಗುವುದಿಲ್ಲ. 21 ಸೆಂ.ಮೀ. ಉದ್ದದ ಅಲೆಗೆ ಮಿಲಿಮೀಟರ್ ಲೆಕ್ಕದ ತೂತು ಇದ್ದರೂ ಇಲ್ಲದ ಹಾಗೇ, ಅದಕ್ಕೆ ಇಡೀ ಬಲೆ ಒಂದು ಗಟ್ಟಿ ಲೋಹದ ಗೋಡೆ. ಬಲೆಗೆ ತಟ್ಟೆಯ ಆಕಾರ ಬರುವುದು ಹಿಂದಿನ ಕಟ್ಟಡದಿಂದ. ಸುತ್ತ ಕಾರ್ಬನ್ ನಾರಿನ ಕಡ್ಡಿಗಳ ಒಂದು ಬಳೆ. ಆ ಬಳೆಗೆ ಎದುರುಬದುರಾಗಿ ಎರಡು ಜಾಲ ಕಟ್ಟಿ, ಎರಡನ್ನೂ ಸಣ್ಣ ಸಣ್ಣ ಎಳೆಗಳಿಂದ ಒಂದಕ್ಕೊಂದು ಬಿಗಿದಿರುತ್ತಾರೆ. ಯಾವ ಎಳೆ ಎಷ್ಟು ಬಿಗಿ ಅನ್ನುವುದರಿಂದ ಆಕಾರ ನಿಲ್ಲುತ್ತದೆ. ಭಾರ ಹೊರುವ ವಸ್ತು ಬಹಳ ಕಡಿಮೆ, ಬಿಗಿತ ಜಾಸ್ತಿ. ಇದಕ್ಕಿಂತ ಒಳ್ಳೆ ಮೆಕ್ಯಾನಿಕಲ್ ಪಾಠ ನನಗೆ ಗೊತ್ತಿಲ್ಲ.

ಇಷ್ಟರ ಮೇಲೆ ಈ ಡಿಶ್ ಸುಮ್ಮನೆ ಕೂರುವುದೂ ಇಲ್ಲ, ನಿಮಿಷಕ್ಕೆ 14ಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ನಾಲ್ಕು ಸೆಕೆಂಡಿಗೆ ಒಂದು ಸುತ್ತು. ಹಾಗೆ ತಿರುಗಿ 1000 ಕಿ.ಮೀ. ಅಗಲದ ಪಟ್ಟಿಯನ್ನು ಒಂದೇ ಸಲಕ್ಕೆ ನೋಡುತ್ತದೆ, ಅದರಿಂದಲೇ ಎರಡು ಮೂರು ದಿನಕ್ಕೊಮ್ಮೆ ಇಡೀ ಭೂಮಿ ಮುಗಿಯುತ್ತದೆ. ಡಿಶ್ ಭಾರವಾಗಿದ್ದರೆ ಅಥವಾ ಒಂದು ಕಡೆಗೆ ತೂಕ ವಾಲಿದ್ದರೆ ಉಪಗ್ರಹವೇ ಓಲಾಡಿಬಿಡುತ್ತಿತ್ತು. ಇಲ್ಲಿ ಹಗುರ ಅನ್ನುವುದು ಬರೀ ರಾಕೆಟ್ ಖರ್ಚು ಉಳಿಸೋಕೆ ಅಲ್ಲ, ಹಗುರ ಇಲ್ಲದಿದ್ದರೆ ತಿರುಗಿಸೋಕೇ ಆಗುತ್ತಿರಲಿಲ್ಲ.

ಮಡಚಿದ್ದು ಬಿಚ್ಚಿಕೊಳ್ಳದಿದ್ದರೆ? ಇದು ನಮ್ಮ ಊರಿಗೆ ಗೊತ್ತಿರುವ ಭಯ. ಎಂಸಿಎಫ್ ಶುರುವಾದ 1982ರಲ್ಲೇ ನಮ್ಮ ದೇಶದ ಇನ್ಸಾಟ್-1ಎ ಉಪಗ್ರಹ ಹೋಯಿತು. ಅದರ ಸೌರ ಹಾಯಿ ಬಿಚ್ಚಿಕೊಳ್ಳಲೇ ಇಲ್ಲ, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಉಪಗ್ರಹ ಕೈಕೊಟ್ಟಿತು. ಗುರು ಗ್ರಹಕ್ಕೆ ಹೊರಟಿದ್ದ ಗೆಲಿಲಿಯೋ ನೌಕೆಯ ದೊಡ್ಡ ಆಂಟೆನಾ ಕೂಡ ಇದೇ ಥರ ಚಿನ್ನದ ಲೇಪದ ಬಲೆ. 1991ರಲ್ಲಿ ಅದನ್ನು ಬಿಚ್ಚಲು ಹೋದಾಗ ಕೆಲವು ಕಡ್ಡಿಗಳು ಸಿಕ್ಕಿಕೊಂಡವು. ಕೊನೆಯವರೆಗೂ ಪೂರ್ತಿ ತೆರೆಯಲಿಲ್ಲ, ಸಣ್ಣ ಆಂಟೆನಾದಲ್ಲೇ ಇಡೀ ಕೆಲಸ ಮುಗಿಸಬೇಕಾಯಿತು. ಸ್ಮ್ಯಾಪ್ ಹಾರಿದ್ದು 2015ರ ಜನವರಿ 31. ಅದರ ಡಿಶ್ ಫೆಬ್ರವರಿಯಲ್ಲಿ ಸರಿಯಾಗಿ ಬಿಚ್ಚಿಕೊಂಡಿತು, ಮಾರ್ಚ್‌ನಲ್ಲಿ ತಿರುಗಲು ಶುರುವಾಯಿತು, ಹತ್ತು ವರ್ಷ ದಾಟಿದರೂ ಕೆಲಸ ಮಾಡುತ್ತಾ ಬಂದಿದೆ. ಮೂರು ವರ್ಷದ ಮಿಷನ್ ಅಂತ ಕಳಿಸಿದ್ದು ಅದು. ತಯಾರಿಕೆಗೆ ನನ್ನ ಕಡೆಯಿಂದ ಪೂರ್ತಿ ಮಾರ್ಕ್ಸ್.

ಕೆಟ್ಟಿದ್ದು ಡಿಶ್ ಅಲ್ಲ, ಅದರ ಜೊತೆಗಿದ್ದ ರೇಡಾರ್. ತಾನೇ ಅಲೆ ಕಳಿಸಿ ವಾಪಸ್ ಬಂದಿದ್ದನ್ನು ಕೇಳುವ ರೇಡಾರ್ ಕೂಡ ಇದೇ ಡಿಶ್ ಹಂಚಿಕೊಂಡಿತ್ತು. 2015ರ ಜುಲೈ 7ಕ್ಕೆ ಅದು ನಿಂತುಹೋಯಿತು. ರೇಡಾರ್ ಇದ್ದಿದ್ದರೆ 9 ಕಿ.ಮೀ. ಲೆಕ್ಕದ ಒಳ್ಳೆ ಮ್ಯಾಪ್ ಸಿಗುತ್ತಿತ್ತು. ಈಗಲೂ ವೆಬ್‌ಸೈಟಿನಲ್ಲಿ 9 ಕಿ.ಮೀ. ಚೌಕದ ಮ್ಯಾಪ್ ಸಿಗುತ್ತದೆ, ಆದರೆ ಒಂದರ ಮೇಲೊಂದು ಬರುವ ನೋಟಗಳನ್ನು ಲೆಕ್ಕ ಹಾಕಿ ಮಾಡಿದ್ದು ಅದು. ಚೌಕ 9 ಆದರೂ ನಿಜವಾಗಿ ಕಾಣುವ ವಿವರ 30 ಕಿ.ಮೀ. ಮೇಲೇ. ಆ್ಯಪ್‌ನವರು ಇಂಥ ಚೌಕಗಳನ್ನೇ ಇನ್ನೂ ಸಣ್ಣಗೆ ಕತ್ತರಿಸಿ, ಸರ್ವೆ ನಂಬರ್ ಮೇಲೆ ಅಂಟಿಸಿ ಕೊಟ್ಟರೆ ರೈತನಿಗೆ ಹೇಗೆ ಗೊತ್ತಾಗಬೇಕು?

ಹಾಗಾದರೆ ನಾಲ್ಕು ಸ್ಟಾರ್ ಯಾತಕ್ಕೆ ಅಂತ ಕೇಳಬಹುದು. ಜಾವಗಲ್, ಬಾಣಾವರ, ಅಜ್ಜಂಪುರ ಕಡೆ ನೆಲ ಬಯಲು. ಮರ ಕಡಿಮೆ. ಒಂದು ಹೋಬಳಿಯಲ್ಲಿ ಬರ ಇದ್ದರೆ ಪಕ್ಕದ ಹೋಬಳಿಯಲ್ಲೂ ಹೆಚ್ಚುಕಡಿಮೆ ಬರವೇ. ಇಂಥ ಕಡೆ 40 ಕಿ.ಮೀ.ಗೆ ಒಂದು ಅಂಕಿ ಇದ್ದರೂ ಅದಕ್ಕೆ ಬೆಲೆ ಇದೆ. ಮಣ್ಣಿನ ಒಟ್ಟು ಗಾತ್ರದಲ್ಲಿ ನೀರಿನ ಪಾಲು ಎಷ್ಟು ಅಂತ ಸ್ಮ್ಯಾಪ್ ಹೇಳುತ್ತದೆ. 0.18 ಅಂದರೆ 100 ಘನ ಸೆಂ.ಮೀ. ಮಣ್ಣಿನಲ್ಲಿ 18 ಘನ ಸೆಂ.ಮೀ. ನೀರು. ಹಸಿರು ಕಡಿಮೆ ಇರುವ ಕಡೆ 0.04ಕ್ಕಿಂತ ಜಾಸ್ತಿ ತಪ್ಪಬಾರದು ಅಂತ ನಾಸಾದವರೇ ಗುರಿ ಇಟ್ಟುಕೊಂಡಿದ್ದರು.

ಇದನ್ನು ನಮ್ಮ ಹೊಲದಲ್ಲಿ ಹಳೇ ಪದ್ಧತಿಯಲ್ಲಿ ತಾಳೆ ಹಾಕಿ ನೋಡಿದೆ. ಕಾಲೇಜಿನ ಸಿವಿಲ್ ಲ್ಯಾಬಿನಲ್ಲಿ ಮಣ್ಣು ಪರೀಕ್ಷೆಗೆ ಒಂದು ಉಕ್ಕಿನ ಉಂಗುರ ಇರುತ್ತದೆ, ಅದರ ಗಾತ್ರ ಮೊದಲೇ ಗೊತ್ತಿರುತ್ತದೆ. ಉತ್ತ ಹೊಲದಲ್ಲಿ ಬೆಳಗ್ಗೆ ಅದನ್ನು ಮರದ ತುಂಡಿಟ್ಟು ತಟ್ಟಿ ಇಳಿಸಬೇಕು. ಸುತ್ತ ಕರಣೆಯಿಂದ ಮಣ್ಣು ಬಿಡಿಸಿ, ಉಂಗುರದ ಸಮೇತ ಎತ್ತಿ, ಎರಡೂ ಬದಿ ಚಾಕುವಿನಲ್ಲಿ ಸವರಿ, ಒಳಗಿನ ಮಣ್ಣನ್ನು ತಕ್ಷಣ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಬೇಕು. ತಡ ಮಾಡಿದರೆ ಬಿಸಿಲಿಗೆ ತೇವ ಹಾರಿಹೋಗುತ್ತದೆ. ತೂಕ ಮಾಡಿ, ಓವನ್‌ನಲ್ಲಿ 105 ಡಿಗ್ರಿಗೆ 24 ಗಂಟೆ ಇಟ್ಟು, ಮತ್ತೆ ತೂಕ ಮಾಡಬೇಕು. ಕಡಿಮೆಯಾದ ಗ್ರಾಂ ಅಷ್ಟೂ ನೀರು. ಆ ನೀರನ್ನು ಉಂಗುರದ ಗಾತ್ರದಿಂದ ಭಾಗಿಸಿದರೆ ಸ್ಮ್ಯಾಪ್ ಹೇಳುವ ಥರದ ಅಂಕಿಯೇ ಸಿಗುತ್ತದೆ, ಎರಡನ್ನೂ ಹೋಲಿಸಬಹುದು. ನಮ್ಮ ಕೆಂಪು ಮಣ್ಣಿನಲ್ಲಿ ಅಂಕಿ ಸ್ಮ್ಯಾಪ್‌ಗಿಂತ ಯಾವಾಗಲೂ ಸ್ವಲ್ಪ ಕಡಿಮೆ ಬರುತ್ತದೆ. ಅದೇ ಚೌಕದಲ್ಲಿ ಎರೆ ಮಣ್ಣೂ, ಕೆರೆ ಅಚ್ಚುಕಟ್ಟೂ ಸೇರಿರುವುದರಿಂದ ಅದು ಸಹಜ. ಆದರೆ ಏರಿಳಿತ ಮಾತ್ರ ಕೂಡಿ ಬರುತ್ತದೆ. ಮಳೆ ಬಿದ್ದಾಗ ಎರಡೂ ಏರುತ್ತವೆ, ಬಿಸಿಲು ಹಿಡಿದ ಮೇಲೆ ಎರಡೂ ಒಂದೇ ಓಟದಲ್ಲಿ ಇಳಿಯುತ್ತವೆ. ನನಗೆ ಬೇಕಾಗಿದ್ದು ಅಷ್ಟೆ.

ಮಾಹಿತಿ ಸಿಗುವುದು 2015ರ ಮಾರ್ಚ್ 31ರಿಂದ. ಅಂದರೆ ಈ ವರ್ಷದ ರೋಹಿಣಿ ಮಳೆ ಹೊತ್ತಿಗೆ ನೆಲದಲ್ಲಿ ಎಷ್ಟು ಹದ ಇದೆ, ಹಿಂದಿನ ವರ್ಷಗಳ ರೋಹಿಣಿಯಲ್ಲಿ ಎಷ್ಟಿತ್ತು ಅಂತ ಪಕ್ಕಪಕ್ಕ ಇಟ್ಟು ನೋಡಬಹುದು. ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ಇದು ಬಹಳ ಉಪಯೋಗ ಆಗಬೇಕು. ಬಿತ್ತನೆ ಗೆಡ್ಡೆ ಪಂಜಾಬಿನಿಂದ ಬರುತ್ತದೆ, ರೇಟು ಕೇಳಿದರೆ ತಲೆ ತಿರುಗುತ್ತದೆ, ಒಂದು ಹದ ಮಳೆ ನೋಡಿ ಗೆಡ್ಡೆ ಹೂತುಬಿಟ್ಟರೆ ಆಮೇಲೆ ಮಳೆ ಕೈಕೊಟ್ಟಾಗ ಕಣ್ಣೆದುರೇ ಒಣಗುತ್ತದೆ, ಇಲ್ಲ ಜಾಸ್ತಿ ಸುರಿದು ಕೊಳೆಯುತ್ತದೆ. ಒಂದೇ ಮಳೆಗೆ ಮೇಲ್ಮಣ್ಣು ನೆನೆದಿದೆಯಾ, ಅಥವಾ ಮೂರ್ನಾಲ್ಕು ವಾರದಿಂದ ತೇವ ನಿಧಾನವಾಗಿ ಏರುತ್ತಾ ಬಂದಿದೆಯಾ ಅನ್ನುವುದು ಗ್ರಾಫ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕೈಯಲ್ಲಿ ಮಣ್ಣು ಹಿಡಿದು ಉಂಡೆ ಕಟ್ಟಿ ನೋಡುವುದನ್ನು ಬಿಡಬೇಡಿ. ಅದರ ಜೊತೆಗೆ ಇದನ್ನೂ ನೋಡಿ ಅನ್ನುತ್ತೇನೆ ಅಷ್ಟೆ.

ಒಂದು ವಿಷಯ ನೆನಪಿಡಿ. ಸ್ಮ್ಯಾಪ್ ನಮ್ಮ ಮೇಲೆ ಹಾದುಹೋಗುವುದು ಬೆಳಗ್ಗೆ ಸುಮಾರು 6ಕ್ಕೆ, ಸಂಜೆ ಸುಮಾರು 6ಕ್ಕೆ. ಬೆಳಗ್ಗೆಯದನ್ನೇ ನಂಬಿ. ಆ ಹೊತ್ತಿಗೆ ಮಣ್ಣು, ಗಿಡ, ಗಾಳಿ ಮೂರರ ಬಿಸಿಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ, ಹಾಗಾಗಿ ಲೆಕ್ಕದಲ್ಲಿ ತಪ್ಪು ಕಡಿಮೆ.

ಒಂದು ಸ್ಟಾರ್ ಕಳೆದಿದ್ದರಲ್ಲಿ ಗೊರೂರಿನ ಪಾಲೂ ಇದೆ. ಹೇಮಾವತಿ ಡ್ಯಾಂ ತುಂಬಿದಾಗ ಆ ನೀರು ಚೌಕದೊಳಗೆ ಸೇರಿಕೊಳ್ಳುತ್ತದೆ. ನೀರಿನ ಭಾಗ ಕಳೆದು ಲೆಕ್ಕ ಹಾಕುತ್ತಾರೆ ನಿಜ, ಆದರೆ ಅದಕ್ಕೆ ಬಳಸುವ ನೀರಿನ ಮ್ಯಾಪ್ ಬದಲಾಗುವುದಿಲ್ಲ, ನಮ್ಮ ಹಿನ್ನೀರು ಮಾತ್ರ ಬೇಸಿಗೆಗೊಂದು ಥರ, ಆಗಸ್ಟ್‌ಗೊಂದು ಥರ. ಗೊರೂರು ಸುತ್ತಮುತ್ತಲಿನವರು, ತರೀಕೆರೆಯಲ್ಲಿ ಭದ್ರಾ ಹಿನ್ನೀರಿನ ಪಕ್ಕದವರು ಅಂಕಿಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು.

ಇನ್ನು ಕಾಫಿ ತೋಟ. ಇಲ್ಲಿ ಸ್ಮ್ಯಾಪ್‌ಗೆ ಕೆಲಸ ಇಲ್ಲ ಅಂತಲೇ ಹೇಳಬೇಕು. ಒಂದು ಚದರ ಮೀಟರ್ ಜಾಗದ ಗಿಡಮರಗಳಲ್ಲಿ 5 ಕೆ.ಜಿ.ಗಿಂತ ಜಾಸ್ತಿ ನೀರಿದ್ದರೆ ಅಲ್ಲಿನ ಅಂಕಿಗೆ ನಾಸಾದವರೇ ಗ್ಯಾರಂಟಿ ಕೊಡುವುದಿಲ್ಲ. ಸಿಲ್ವರ್ ಓಕ್, ಹಲಸು, ಅತ್ತಿ ಮರದ ನೆರಳು, ಅದರ ಕೆಳಗೆ ಕಾಫಿ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅದರ ಕೆಳಗೆ ತರಗೆಲೆ. 21 ಸೆಂ.ಮೀ. ಅಲೆ ಇಷ್ಟನ್ನೂ ದಾಟಿ ಮಣ್ಣಿನ ಸುದ್ದಿ ಮೇಲೆ ತರುವುದಿಲ್ಲ, ಎಲೆ ಕೊಂಬೆಗಳ ಸುದ್ದಿಯೇ ಜಾಸ್ತಿ ಸೇರುತ್ತದೆ. ಮೇಲಾಗಿ ಗುಡ್ಡ ಕಣಿವೆ. ಎಲ್ಲಕ್ಕಿಂತ ಮುಖ್ಯ, ತೋಟದವರಿಗೆ ಬೇಕಾಗಿರುವುದೇ ಬೇರೆ. ಕಾಫಿ ಹೂ ಅರಳಿಸುವ ಹೂ ಮಳೆ ಒಂದು ಇಂಚು ಬಿತ್ತಾ, ಮೂವತ್ತು ಸೆಂಟ್ಸ್ (ಇಂಚಿನ ನೂರರಲ್ಲಿ ಮೂವತ್ತು ಭಾಗ) ಬಿದ್ದು ನಿಂತಿತಾ, ಈಗ ಸ್ಪ್ರಿಂಕ್ಲರ್ ಹಾಕಬೇಕಾ ಬೇಡ್ವಾ. ಫೆಬ್ರವರಿ ಮಾರ್ಚ್‌ನಲ್ಲಿ ಒಂದು ಎಸ್ಟೇಟಿಗೆ ಮಳೆ ಬಂದರೆ ಎರಡು ಕಿ.ಮೀ. ಆಚೆ ಧೂಳು ಹಾರುತ್ತಿರುತ್ತದೆ. 40 ಕಿ.ಮೀ. ಚೌಕಕ್ಕೆ ಇದು ಕಾಣುವುದೇ ಇಲ್ಲ. ಭಾವ ಆ ಆ್ಯಪ್ ಮತ್ತೆ ರಿನ್ಯೂ ಮಾಡಿಲ್ಲ. ಅವರ ಮಳೆ ಮಾಪಕ, ಅಪ್ಪನ ಕಾಲದಿಂದ ಬರೆದಿಟ್ಟಿರುವ ಮಳೆ ಪುಸ್ತಕ, ಬುಡದಲ್ಲಿ ಅಗೆದು ನೋಡುವ ಗುದ್ದಲಿ, ಇವೇ ಅವರಿಗೆ ಒಳ್ಳೆಯದು ಅಂತ ನಾನೂ ಹೇಳಿದ್ದೇನೆ.

ಕಾಡು, ತೋಟ ದಾಟಿ ನೋಡಬೇಕಾದರೆ ಇನ್ನೂ ಉದ್ದದ ಅಲೆ ಬೇಕು. ಯುರೋಪಿನವರು 2025ರ ಏಪ್ರಿಲ್ 29ಕ್ಕೆ ಕಳಿಸಿದ ಬಯೋಮಾಸ್ ಉಪಗ್ರಹ ಸುಮಾರು 70 ಸೆಂ.ಮೀ. ಅಲೆ ಬಳಸುತ್ತದೆ, ಅದಕ್ಕೆ 12 ಮೀಟರ್ ಬಲೆ ಡಿಶ್ ಇದೆ. ಅದು ಕಾಡಿನ ಮರದ ತೂಕ ಅಳೆಯೋಕೆ, ತೇವಾಂಶಕ್ಕಲ್ಲ. ಆದರೂ ಅಲೆ ಉದ್ದ ಆದ ಹಾಗೆ ಡಿಶ್ ಹೇಗೆ ಬೆಳೆಯುತ್ತದೆ ಅಂತ ತೋರಿಸುವುದಕ್ಕೆ ಒಳ್ಳೆ ಉದಾಹರಣೆ.

ಸಮುದ್ರದ ಮಾತೂ ಇಲ್ಲಿ ಬರಬೇಕು. ಸ್ಮ್ಯಾಪ್‌ನ ಇದೇ ಡಿಶ್ ಸಮುದ್ರದ ಉಪ್ಪನ್ನೂ ಅಳೆಯುತ್ತದೆ. ನೀರಿನಲ್ಲಿ ಉಪ್ಪು ಜಾಸ್ತಿಯಾದರೆ ವಿದ್ಯುತ್ ಹರಿಯುವುದು ಬದಲಾಗುತ್ತದೆ, ಅದರಿಂದ ಸೂಸುವ ಮೈಕ್ರೋವೇವ್ ಸ್ವಲ್ಪ ಬದಲಾಗುತ್ತದೆ. ಈ ಸ್ವಲ್ಪ ಎಷ್ಟು ಸ್ವಲ್ಪ ಅಂದರೆ, ಒಣ ನೆಲ ಒದ್ದೆಯಾದಾಗ ಹತ್ತಾರು ಕೆಲ್ವಿನ್ (ಈ ಸೂಸುವಿಕೆಯನ್ನು ಉಷ್ಣತೆಯ ಲೆಕ್ಕದಲ್ಲಿ ಅಳೆಯುವ ಮಾನ) ವ್ಯತ್ಯಾಸ ಬರುತ್ತದೆ, ಆದರೆ ಒಂದು ಕೆ.ಜಿ. ಸಮುದ್ರದ ನೀರಿಗೆ ಒಂದು ಗ್ರಾಂ ಉಪ್ಪು ಜಾಸ್ತಿಯಾದರೆ ಒಂದು ಕೆಲ್ವಿನ್ ಕೂಡ ಇಲ್ಲ. ಅದಕ್ಕೇ ಉಪ್ಪಿನ ಮ್ಯಾಪ್ ಒಂದು ದಿನದ್ದು ನೋಡಿ ಪ್ರಯೋಜನ ಇಲ್ಲ, ವಾರ ಅಥವಾ ತಿಂಗಳ ಸರಾಸರಿ ನೋಡಬೇಕು. ಇದಕ್ಕಾಗಿಯೇ 2011ರ ಜೂನ್‌ನಲ್ಲಿ ಹೋಗಿದ್ದ ಅಕ್ವೇರಿಯಸ್ ಉಪಕರಣದ ಡಿಶ್ 2.5 ಮೀಟರ್, 2015ರಲ್ಲಿ ಅದು ನಿಂತ ಮೇಲೆ ಆ ಕೆಲಸ ಸ್ಮ್ಯಾಪ್‌ಗೆ ಬಂತು. ಮ್ಯಾಪ್ ನೋಡಿದರೆ ನಮ್ಮ ಎರಡು ಕಡೆಯ ಸಮುದ್ರ ಎಷ್ಟು ಬೇರೆ ಅಂತ ಬಣ್ಣದಲ್ಲೇ ಗೊತ್ತಾಗುತ್ತದೆ. ಅರಬ್ಬಿ ಸಮುದ್ರದಲ್ಲಿ ನೀರು ಜಾಸ್ತಿ ಆವಿಯಾಗಿ ಕೆ.ಜಿ.ಗೆ 36 ಗ್ರಾಂ ಆಸುಪಾಸು ಉಪ್ಪು. ಉತ್ತರ ಬಂಗಾಳ ಕೊಲ್ಲಿಯಲ್ಲಿ ಗಂಗಾ, ಬ್ರಹ್ಮಪುತ್ರದ ಸಿಹಿನೀರು ಸೇರಿ ಮಳೆಗಾಲದ ನಂತರ 30ಕ್ಕಿಂತಲೂ ಕೆಳಗೆ ಇಳಿಯುತ್ತದೆ. ಸಿಹಿನೀರು ಹಗುರ, ಮೇಲೇ ಪದರವಾಗಿ ನಿಲ್ಲುತ್ತದೆ, ಬೇಗ ಬಿಸಿಯಾಗುತ್ತದೆ, ಆ ಬಿಸಿ ಮೋಡಕ್ಕೂ ಚಂಡಮಾರುತಕ್ಕೂ ಇಂಬು ಕೊಡುತ್ತದೆ. ಮಳೆಯನ್ನೇ ನಂಬಿ ಬದುಕುವ ನಮಗೆ ಸಮುದ್ರದ ಉಪ್ಪು ದೂರದ ವಿಷಯ ಏನಲ್ಲ ಅಲ್ವಾ.

ಬೇರೆ ಮಾಡೆಲ್‌ಗಳನ್ನೂ ನೋಡಿದ್ದೇನೆ. ಯುರೋಪಿನ ಸ್ಮೋಸ್ 2009ರ ನವೆಂಬರ್ 2ಕ್ಕೆ ಹೋಗಿದ್ದು. ದೊಡ್ಡ ಡಿಶ್ ತಂಟೆಯೇ ಬೇಡ ಅಂತ ಅವರು ಮೂರು ಉದ್ದ ತೋಳು ಮಾಡಿ ಅದರ ಮೇಲೆ ಅಂಗೈಯಗಲದ 69 ಸಣ್ಣ ಆಂಟೆನಾ ಜೋಡಿಸಿದರು. ಎಲ್ಲವೂ ಕೇಳಿಸಿಕೊಂಡಿದ್ದನ್ನು ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದರೆ ಸುಮಾರು 8 ಮೀಟರ್ ಅಗಲದ ಡಿಶ್ ಇದ್ದ ಹಾಗೆ. ಐಡಿಯಾ ಅದ್ಭುತ. ಆದರೆ ನೆಲದ ಮೇಲೆ ನಿಯಮ ಮುರಿದು ಆ ಬ್ಯಾಂಡಿನಲ್ಲಿ ಪ್ರಸಾರ ಮಾಡುವವರಿಂದ ಅದಕ್ಕೆ ಬಹಳ ಕಾಟವಾಯಿತು. ಸ್ಮ್ಯಾಪ್‌ನಲ್ಲಿ ಅಂಥ ಗಲಾಟೆ ಗುರುತಿಸಿ ಬೇರ್ಪಡಿಸುವ ವ್ಯವಸ್ಥೆ ಮೊದಲೇ ಇತ್ತು. ನಾಸಾದ್ದೇ ಸಿಗ್ನಸ್ ಅಂತ ಎಂಟು ಪುಟ್ಟ ಉಪಗ್ರಹಗಳು 2016ರಲ್ಲಿ ಹೋದವು, ಒಂದೊಂದೂ 30 ಕೆ.ಜಿ. ಒಳಗೆ. ಜಿಪಿಎಸ್ ಸಿಗ್ನಲ್ ಸಮುದ್ರಕ್ಕೆ, ನೆಲಕ್ಕೆ ಬಡಿದು ವಾಪಸ್ ಬರುವುದನ್ನು ಕೇಳಿಸಿಕೊಳ್ಳುತ್ತವೆ. ಸಮುದ್ರದ ಗಾಳಿ ಅಳೆಯೋಕೆ ಕಳಿಸಿದ್ದು, ಈಗ ತೇವಾಂಶಕ್ಕೂ ಬಳಸುತ್ತಾರೆ.

ನನಗೆ ಜಾಸ್ತಿ ಆಸೆ ಇರುವುದು ನಾಸಾ, ಇಸ್ರೋ ಸೇರಿ ಮಾಡಿದ ನಿಸಾರ್ ಉಪಗ್ರಹದ ಮೇಲೆ. 2025ರ ಜುಲೈ 30ಕ್ಕೆ ಶ್ರೀಹರಿಕೋಟಾದಿಂದ ನಮ್ಮದೇ ಜಿಎಸ್‌ಎಲ್‌ವಿ ರಾಕೆಟ್‌ನಲ್ಲಿ ಹೋಯಿತು. ನಾಸಾದ ಎಲ್ ಬ್ಯಾಂಡ್ (ಉದ್ದ ಅಲೆ), ಇಸ್ರೋದ ಎಸ್ ಬ್ಯಾಂಡ್ (ಅದಕ್ಕಿಂತ ಗಿಡ್ಡ ಅಲೆ), ಎರಡು ರೇಡಾರ್‌ಗೂ ಒಂದೇ 12 ಮೀಟರ್ ಬಲೆ ಡಿಶ್. ಡಿಶ್ ತೂಕ ಬರೀ 64 ಕೆ.ಜಿ., 123 ಕಡ್ಡಿಗಳ ಚೌಕಟ್ಟು, ಮೇಲೆ ಅದೇ ಚಿನ್ನದ ಲೇಪದ ಬಲೆ. ಮಡಚಿಟ್ಟಾಗ ಅದು ಬಿಸಿಲಿಗೆ ಲೆಕ್ಕಕ್ಕಿಂತ ಜಾಸ್ತಿ ಬಿಸಿಯಾಗಬಹುದು ಅಂತ ಪರೀಕ್ಷೆಯಲ್ಲಿ ಗೊತ್ತಾಗಿ, 2024ರಲ್ಲಿ ಬೆಂಗಳೂರಿನಿಂದ ವಾಪಸ್ ಕ್ಯಾಲಿಫೋರ್ನಿಯಾಕ್ಕೆ ಕಳಿಸಿ, ಬಿಸಿಲು ಪ್ರತಿಫಲಿಸುವ ಟೇಪ್ ಹಾಕಿಸಿಕೊಂಡು ತಂದರು. ಅದರಿಂದ ತಡವಾಯಿತು. ತಡ ಆದರೂ ಹಾಗೆ ಮಾಡಿದ್ದೇ ಸರಿ, ಮೇಲೆ ಹೋದ ಮೇಲೆ ರಿಪೇರಿ ಮಾಡೋಕೆ ಯಾರೂ ಹೋಗಲ್ಲ. ಹಾರಿದ ಮೇಲೆ, 2025ರ ಆಗಸ್ಟ್ 9ರಿಂದ 9 ಮೀಟರ್ ತೋಳು ಒಂದೊಂದೇ ಕೀಲು ಬಿಚ್ಚಿಕೊಂಡಿತು, ಆಗಸ್ಟ್ 15ಕ್ಕೆ ಡಿಶ್ ಅರಳಿತು. ರೇಡಾರ್ ಆದ್ದರಿಂದ ಉಪಗ್ರಹ ಓಡುವ ದಾರಿಯನ್ನೇ ದೊಡ್ಡ ಆಂಟೆನಾದ ಹಾಗೆ ಬಳಸಿಕೊಂಡು ಬಹಳ ಸಣ್ಣ ವಿವರ ತೆಗೆಯಬಹುದು. ತೇವಾಂಶದ ಮ್ಯಾಪ್ 200 ಮೀಟರ್ ಲೆಕ್ಕದಲ್ಲಿ ಕೊಡುವ ಗುರಿ ಇದೆ. 40 ಕಿ.ಮೀ. ಎಲ್ಲಿ, 200 ಮೀಟರ್ ಎಲ್ಲಿ! ಆದರೆ ಒಂದೇ ದಾರಿಗೆ ಮತ್ತೆ ಬರುವುದು 12 ದಿನಕ್ಕೊಮ್ಮೆ. ಹತ್ತುವ ದಾರಿ, ಇಳಿಯುವ ದಾರಿ ಎರಡನ್ನೂ ಸೇರಿಸಿದರೂ ದಿನಾ ಸಿಗುವುದಿಲ್ಲ. ಹೊಲದ ಲೆಕ್ಕ ಬೇಕು ಅಂದರೆ ದಿನಾ ಇಲ್ಲ, ಎರಡು ಮೂರು ದಿನಕ್ಕೊಮ್ಮೆ ಬೇಕು ಅಂದರೆ ಹೊಲದ ಲೆಕ್ಕ ಇಲ್ಲ. ಎರಡೂ ಇದೆ ಅನ್ನುವ ಆ್ಯಪ್‌ನಲ್ಲಿ ನಡುವಿನ ದಿನಗಳ ಅಂಕಿ ಕಂಪ್ಯೂಟರ್ ಅಂದಾಜು. ಅಂದಾಜು ತಪ್ಪಲ್ಲ, ಅದನ್ನು ಅಂದಾಜು ಅಂತ ಹೇಳಿ ಮಾರಬೇಕು.

ಸ್ಮ್ಯಾಪ್ ನೋಡುವುದು ಹೇಗೆ ಅಂತ ಕೇಳುವವರಿಗೆ. ಸುಮ್ಮನೆ ಬಣ್ಣದ ಮ್ಯಾಪ್ ಸಾಕು ಅಂದರೆ ನಾಸಾ ವರ್ಲ್ಡ್‌ವ್ಯೂ ತೆರೆದು ಲೇಯರ್‌ನಲ್ಲಿ ಸ್ಮ್ಯಾಪ್ ಹುಡುಕಿ, ಮೊಬೈಲಿನಲ್ಲೂ ಆಗುತ್ತದೆ. ನಿಮ್ಮ ಜಾಗದ ಗ್ರಾಫ್ ಬೇಕು ಅಂದರೆ ಆ್ಯಪಿಯರ್ಸ್ (AppEEARS) ಅನ್ನುವ ನಾಸಾ ಸೈಟ್ ಒಳ್ಳೆಯದು. ಅರ್ಥ್‌ಡೇಟಾ ಲಾಗಿನ್ ಬೇಕು, ಅದೂ ಫ್ರೀ. ಗೂಗಲ್ ಮ್ಯಾಪ್‌ನಿಂದ ಜಮೀನಿನ ಅಕ್ಷಾಂಶ ರೇಖಾಂಶ ತೆಗೆದು ಹಾಕಿ, ಸ್ಮ್ಯಾಪ್‌ನ 9 ಕಿ.ಮೀ. ಮಾಹಿತಿ ಆರಿಸಿ, ತಾರೀಕು ಕೊಟ್ಟು ಕಳಿಸಿದರೆ ಸ್ವಲ್ಪ ಹೊತ್ತಿಗೆ ಇಮೇಲ್ ಬರುತ್ತದೆ. ತೆಂಗು, ಅಡಿಕೆ ಇರುವವರು ನಾಲ್ಕನೇ ಹಂತದ (ಲೆವೆಲ್ 4) ಮಾಹಿತಿಯಲ್ಲಿ ಬೇರಿನ ಆಳದ್ದು, ಅಂದರೆ ಒಂದು ಮೀಟರ್‌ವರೆಗಿನದು, ಅದನ್ನೂ ತೆಗೆದುಕೊಳ್ಳಿ. ಅದು ನೇರ ಅಳತೆ ಅಲ್ಲ, ಅಳತೆಯನ್ನು ಹವಾಮಾನದ ಮಾಡೆಲ್ ಜೊತೆ ಸೇರಿಸಿ ಕಟ್ಟಿದ ಲೆಕ್ಕ, ಅಷ್ಟು ಗೊತ್ತಿದ್ದರೆ ಸಾಕು. ಎಲ್ಲಾ ಇಂಗ್ಲಿಷ್‌ನಲ್ಲಿದೆ, ಚಿಕ್ಕ ಸ್ಕ್ರೀನಿನಲ್ಲಿ ಫಾರ್ಮ್ ತುಂಬುವುದು ಕಷ್ಟ, ಅಂಕಿಗಳ ಜೊತೆ ಬರುವ ಗುಣಮಟ್ಟದ ಗುರುತು ನೋಡದೆ ಗ್ರಾಫ್ ಹಾಕಿದರೆ ಕೆಟ್ಟ ದಿನಗಳೂ ಸೇರಿಕೊಳ್ಳುತ್ತವೆ. ನಮ್ಮ ರೈತ ಸಂಪರ್ಕ ಕೇಂದ್ರಗಳಲ್ಲಿ ಹೋಬಳಿವಾರು ಈ ಗ್ರಾಫ್ ತೆಗೆದು, ಹಿಂದಿನ ವರ್ಷಗಳ ಗೆರೆ ಜೊತೆಗೆ ಕನ್ನಡದಲ್ಲಿ ಪ್ರಿಂಟ್ ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸಿದರೆ ಎಷ್ಟೋ ಜನಕ್ಕೆ ಅನುಕೂಲ. ಒಬ್ಬ ಹುಡುಗ ತಿಂಗಳಿಗೊಂದು ದಿನ ಕೂತರೆ ಮುಗಿಯುವ ಕೆಲಸ.

ಅರಸೀಕೆರೆ, ಕಡೂರು ಕಡೆಯವರಿಗೆ ಯಾರಿಗಾದರೂ ಬೇಕಿದ್ದರೆ ನಾನು 2015ರಿಂದ ತೆಗೆದಿಟ್ಟ ಬೆಳಗಿನ ಅಂಕಿಗಳ ಫೈಲ್ ಇದೆ, ಕೆಟ್ಟ ದಿನಗಳನ್ನು ತೆಗೆದುಹಾಕಿದ್ದೇನೆ. ಕಾಮೆಂಟ್‌ನಲ್ಲಿ ನಿಮ್ಮ ಹೋಬಳಿ ಹೆಸರು ಬರೆಯಿರಿ, ಆ ಚೌಕದ್ದು ಕಳಿಸುತ್ತೇನೆ.